ಹೋದವರ ಹಾಡು

ಸ್ಟೋನ್‌ವೆಲ್, ಅಲಬಾಮ
೧೩ ಜನವರಿ ೧೯೫೮

ಎಜೆಲ್,

ಆರು ವರ್ಷದ ಮೇಲೆ ಶವಪೆಟ್ಟಿಗೆ ಅಂಗಡಿಯವನಿಂದ ಕಾಗದ ಬಂದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನಿನ್ನ ತಾಯಿ ಇದ್ದಾಳೆ. ಇದ್ದಾಳೆ, ಅಷ್ಟೆ.

ಭಾನುವಾರ ಬೆಳಿಗ್ಗೆ ಏಳೂವರೆಯ ರೇಡಿಯೊ ಕಾರ್ಯಕ್ರಮ ಈಗಲೂ ನನ್ನದೇ. ಅರ್ಧ ಗಂಟೆ. ಬಿಳಿಯರು ಹಾಸಿಗೆ ಬಿಟ್ಟು ಏಳುವ ಮುಂಚೆ ನಮ್ಮ ಕರಿಯರಿಗೆ ಅಂತ ಬಿಟ್ಟುಕೊಟ್ಟ ಹೊತ್ತು. ಮೊದಲು ಕಾಯಿಲೆ ಬಿದ್ದವರ ಪಟ್ಟಿ ಓದುತ್ತೇನೆ, ನಡುನಡುವೆ ಹಾಡು ಹಾಕುತ್ತೇನೆ, ಕಡೆಯ ಐದು ನಿಮಿಷ ಹೋದವರ ಹಾಡು. ನೀನಿದ್ದಾಗ ಈ ಪದ್ಧತಿ ಇರಲಿಲ್ಲ, ನಾನೇ ಶುರು ಮಾಡಿದ್ದು. ಸತ್ತವರ ಮನೆಯವರು ಆರಿಸಿದ ಹಾಡು ಮೊದಲು, ಸತ್ತವರ ಹೆಸರು ಆಮೇಲೆ. ಆ ಹಾಡು ಶುರುವಾದರೆ ನಮ್ಮ ಬೀದಿಗಳಲ್ಲೆಲ್ಲ ಬಾಣಲೆ ಒಲೆಯಿಂದ ಇಳಿಯುತ್ತದೆ. ಯಾರಿರಬಹುದು ಅಂತ ಎಲ್ಲರೂ ಕಿವಿಗೊಟ್ಟು ಕಾಯುತ್ತಾರೆ. ಕಾಯಿಲೆಯವರ ಪಟ್ಟಿಯನ್ನು ಪೆಟ್ಟಿಗೆ ಮಾರುವವನೇ ಓದುತ್ತಾನೆ ಅಂತ ಜನ ನಗುವುದುಂಟು. ನಗಲಿ. ತಮ್ಮ ಹೆಸರು ಬಿಟ್ಟುಹೋಯಿತು ಅಂತ ಸೋಮವಾರ ಬಂದು ಜಗಳ ತೆಗೆಯುವವರೂ ಅವರೇ.

ನಿನ್ನೆಯ ಪಟ್ಟಿಯಲ್ಲಿ ಹದಿನೇಳು ಹೆಸರು. ಹನ್ನೊಂದನೆಯದು ಪರ್ಲಿ ಟಾರ್ವರ್. ನಿನ್ನ ಅವ್ವನ ಕಾಲು ಬಾತಿದೆ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಾಳೆ. ಡಾಕ್ಟರು ಹೃದಯ ಅಂದರು. ನಾನು ಡಾಕ್ಟರಲ್ಲ. ಆದರೆ ಇಂಥ ಕಾಲು ಎಷ್ಟು ನೋಡಿದ್ದೇನೆ, ಆಮೇಲೆ ಎಷ್ಟು ತಿಂಗಳು ನಡೆದವು ಎಂಬ ಲೆಕ್ಕ ನನ್ನ ತಲೆಯಲ್ಲಿದೆ. ಔಷಧಿ ತಪ್ಪಿಸದಿದ್ದರೆ ಬೇಸಿಗೆ ಕಂಡಾಳು.

ಪಕ್ಕದ ಮನೆಯ ನೆಟ್ಟಿ ನೋಡಿಕೊಳ್ಳುತ್ತಾಳೆ. ನೀನು ಷಿಕಾಗೋದಲ್ಲಿ ರೆಕಾರ್ಡು ಮಾಡಿದ್ದೀಯ ಅಂತ ಯಾರೋ ಬಂದು ಅವ್ವನಿಗೆ ಹೇಳಿದ್ದಾರೆ. ಅಂದಿನಿಂದ ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ.

“ಲಿಯಾಂಡರ್, ಇವತ್ತೂ ನನ್ನ ಮಗನ್ನ ಹಾಕ್ಲಿಲ್ವಲ್ಲೋ?”

“ನನ್ನ ಹತ್ರ ಇಲ್ಲ ಅವ್ವಾ.”

“ತರ್ಸು. ಎಲ್ಲೆಲ್ಲಿಂದಾನೋ ಹೆಣ ತರಿಸ್ತೀಯ, ಒಂದು ಹಾಡು ತರ್ಸಕ್ಕಾಗಲ್ವಾ?”

ಬಂದು ನೋಡಿಕೊಂಡು ಹೋಗು. ಚರ್ಚಿನ ಸಭೆಯ ಮುಂದೆ ನಿಂತು ತಪ್ಪಾಯಿತು ಅಂತ ಒಂದು ಮಾತು ಹೇಳಿದರೆ ಪಾಸ್ಟರ್ ಹಬರ್ಡ್ ನಿನ್ನನ್ನು ತಿರುಗಿ ಸೇರಿಸಿಕೊಳ್ಳುತ್ತಾರೆ. ನಿನ್ನನ್ನು ಹೊರಹಾಕಿದ ದಿನ ಮೂವತ್ತೊಂದು ಕೈ ಎದ್ದಿದ್ದವು. ಮೂವತ್ತೊಂದನೆಯದು ನನ್ನದು. ನಿಧಾನವಾಗಿ ಎತ್ತಿದೆ ಅನ್ನುವುದಷ್ಟೇ ನನ್ನ ಪರವಾಗಿ ಹೇಳಬಹುದಾದ ಮಾತು.

ನಿನ್ನ ಹಳೆಯ ಜೊತೆಗಾರ,
ಲಿಯಾಂಡರ್ ಗುಡ್ಲೋ


ಷಿಕಾಗೋ
೨೭ ಜನವರಿ

ಲಿಯಾಂಡರ್,

ರೆಕಾರ್ಡು ಕಳಿಸಿದ್ದೇನೆ, ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿದ್ದೇನೆ. ಒಂದು ಬದಿ ಮಾತ್ರ ಕೇಳು: ‘ಬೆಳಗಾಗುವ ತನಕ ಕೈ ಬಿಡಬೇಡ’. ಇನ್ನೊಂದು ಬದಿ ನಿನ್ನ ಕಿವಿಗೆ ಒಗ್ಗುವುದಿಲ್ಲ.

ತಪ್ಪಾಯಿತು ಅನ್ನಲಾರೆ. ಶನಿವಾರ ಕುಣಿತದ ಮನೆಯಲ್ಲಿ ಹಾಡಿದೆ, ಭಾನುವಾರ ಸಭೆಯಲ್ಲಿ ಹಾಡಿದೆ. ಗಂಟಲು ಒಂದೇ, ಕೊಟ್ಟವನೂ ಒಬ್ಬನೇ. ಶನಿವಾರದ ತಾಳವನ್ನು ಭಾನುವಾರಕ್ಕೆ ತಂದಾಗ ಬೆಂಚು ಬಿಟ್ಟೆದ್ದು ಚಪ್ಪಾಳೆ ತಟ್ಟಿದ ಹೆಂಗಸರೇ ಬುಧವಾರ ನನ್ನ ವಿರುದ್ಧ ಕೈ ಎತ್ತಿದರು. ಅವರ ಮುಂದೆ ಇನ್ನೊಮ್ಮೆ ನಿಲ್ಲುವುದಿಲ್ಲ ಅಂತ ಅವ್ವನಿಗೆ ಹೇಳಿಯೇ ಊರು ಬಿಟ್ಟವನು ನಾನು.

ಅವ್ವ ಕೇಳಿದ್ದು ಹಾಡನ್ನು. ಅದನ್ನು ಹಾಕು. ಭಾನುವಾರ, ಊರೆಲ್ಲ ಕೇಳುವ ಹೊತ್ತಿನಲ್ಲಿ, ಅವಳಿಗೆ ಉಸಿರಿರುವಾಗಲೇ ಕೇಳಲಿ. ನಿನ್ನಿಂದ ಬೇರೇನೂ ಬೇಡ.

ಎಜೆಲ್


ಸ್ಟೋನ್‌ವೆಲ್
೧೦ ಫೆಬ್ರವರಿ

ಎಜೆಲ್,

ಕೇಳಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ. ಆ ಹೊತ್ತು ಮೇಜಿನ ಮೇಲೆ ಯಾರೂ ಮಲಗಿರಲಿಲ್ಲ. ಬಾಗಿಲು ಹಾಕಿಕೊಂಡು ಮೂರು ಸಲ ಕೇಳಿದೆ.

ಮೊದಲ ಸಲ ಸಿಟ್ಟು ಬಂತು. ಆ ಡ್ರಮ್ಮು ಸಭೆಗೆ ಬರುವವರ ಹೆಜ್ಜೆಯಲ್ಲ, ಕುಡಿದು ಮನೆಗೆ ಮರಳುವವರ ಹೆಜ್ಜೆ. ಕರೆಂಟು ಗಿಟಾರು ಸೊಂಟ ತಿರುಗಿಸುತ್ತದೆ. ಎರಡನೆಯ ಸಲ ಲೆಕ್ಕ ಹಾಕಿದೆ: ‘ಕೈ’ ಒಂಬತ್ತು ಸಲ, ‘ಬೆಳಗು’ ಆರು ಸಲ, ‘ಕರ್ತನೇ’ ಒಂದೇ ಒಂದು ಸಲ, ಅದೂ ಕಟ್ಟಕಡೆಗೆ. ಮೂರನೆಯ ಸಲ ಲೆಕ್ಕ ತಪ್ಪಿತು. ಎರಡನೆಯ ಚರಣ ಮುಗಿದ ಮೇಲೆ ನೀನು ಮಾತು ಬಿಟ್ಟು ಬರೀ ದನಿಯಲ್ಲಿ ಕೂಗುತ್ತೀಯಲ್ಲ, ಅದು ನನಗೆ ಗೊತ್ತಿರುವ ಕೂಗು. ಮರ ಕೊಯ್ಯುವ ಕಾರ್ಖಾನೆಯಿಂದ ನಿನ್ನ ಅಪ್ಪನನ್ನು ಹಲಗೆಯ ಮೇಲೆ ಹೊತ್ತು ತಂದ ದಿನ ನಿನ್ನ ತಾಯಿ ಹಾಗೇ ಕೂಗಿದ್ದಳು. ನಮ್ಮ ನಾಲ್ವರ ಹಾಡಿನ ತಂಡದಲ್ಲಿ ನೀನು ಆ ಎತ್ತರಕ್ಕೆ ಹೋದಾಗಲೆಲ್ಲ ಕೆಳಗಿನಿಂದ ನನ್ನ ದಪ್ಪ ದನಿ ಆಸರೆ ಕೊಡುತ್ತಿತ್ತು. ಈಗ ಆ ಜಾಗದಲ್ಲಿ ಗಿಟಾರಿದೆ. ಚೆನ್ನಾಗಿಯೇ ಇದೆ.

ಪಾಸ್ಟರ್ ಹಬರ್ಡ್ ಅವರ ಮುಂದೆ ಹಾಕಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಂದು ಪಾದ ಎರಡು ಸಲ ನೆಲ ತಟ್ಟಿದ್ದನ್ನು ನಾನು ನೋಡಿದೆ. ಅವರೂ ನೋಡಿಕೊಂಡು ನಿಲ್ಲಿಸಿದರು.

“ಇದು ದೇವರಿಗೆ ಹಾಡಿದ್ದಾ, ಹೆಂಗಸಿಗೆ ಹಾಡಿದ್ದಾ?”

“ಕೊನೇಲಿ ಕರ್ತನೇ ಅಂತ ಇದೆಯಲ್ಲ ಅಯ್ಯನವರೇ.”

“ಕುಡಿದೋನೂ ಚರಂಡಿಗೆ ಬಿದ್ದಾಗ ಕರ್ತನೇ ಅಂತಾನೆ, ಲಿಯಾಂಡರ್. ಇದು ನಿಮ್ಮ ಕಾರ್ಯಕ್ರಮದಲ್ಲಿ ಬಂದ್ರೆ ನಮ್ಮ ಸಭೆಯ ಹೆಣಗಳು ರೈಲುಹಳಿ ಆಚೆಯ ಇನ್ನೊಂದು ಪೆಟ್ಟಿಗೆ ಅಂಗಡಿಗೆ ಹೋಗ್ತವೆ. ನಾನು ಹೇಳೋದೂ ಬೇಡ, ಅವೇ ಹೋಗ್ತವೆ.”

ಹೆಣ ತಾನಾಗಿ ನಡೆದು ಹೋಗುವುದನ್ನು ನಾನು ಇಷ್ಟು ವರ್ಷದಲ್ಲಿ ನೋಡಿಲ್ಲ. ಆದರೆ ಅವರ ಮಾತು ತಿಳಿಯದಷ್ಟು ದಡ್ಡನೂ ಅಲ್ಲ.

ಕೊನೆಗೆ ಗ್ರಾಮಫೋನನ್ನೇ ಹೊತ್ತುಕೊಂಡು ಅವ್ವನ ಮನೆಗೆ ಹೋದೆ. ಕಿಟಕಿ ಮುಚ್ಚಲು ನೆಟ್ಟಿಗೆ ಹೇಳಿದ್ದೇ ತಪ್ಪಾಯಿತು.

“ಅದನ್ನ ಆಚೆ ಇಡು,” ಅಂದಳು ಅವ್ವ. “ಬಾಗಿಲು ಹಾಕ್ಕೊಂಡು ಕೇಳೋಕೆ ನನ್ನ ಮಗ ಏನು ಕಳ್ಳಭಟ್ಟಿನಾ? ಎಲ್ಲರ ಎದುರಿಗೇ ಹೊರಗೆ ಹಾಕಿದ್ರಿ. ಎಲ್ಲರ ಕಿವಿಗೂ ಬೀಳೋ ಹಂಗೇ ಒಳಗೆ ಬರ್ಲಿ.”

ಆಮೇಲೆ ದನಿ ತಗ್ಗಿಸಿ ಕೇಳಿದಳು: “ಇಂಥ ಹಾಡು ಹಾಡೋರನ್ನ ಮೇಲೆ ಕರ್ತನ ಹತ್ರ ಸೇರಿಸ್ಕೋತಾರಾ, ಲಿಯಾಂಡರ್?”

“ಪಾಸ್ಟರನ್ನ ಕೇಳಬೇಕು ಅವ್ವಾ.”

“ಅವರು ಹೇಳೋದು ಗೊತ್ತು. ನಿನ್ನ ಕೇಳಿದೆ.”

ನಾನು ಗ್ರಾಮಫೋನು ಎತ್ತಿಕೊಂಡು ಬಂದೆ.

ಲಿಯಾಂಡರ್


ಷಿಕಾಗೋ
೧೯ ಫೆಬ್ರವರಿ

ಲಿಯಾಂಡರ್,

ಮೂರು ಸಲ ಕೇಳಿದೆ, ಲೆಕ್ಕ ಹಾಕಿದೆ, ಚೆನ್ನಾಗಿದೆ ಅಂದೆ, ಹಾಕಲಿಲ್ಲ. ಮೂವತ್ತೊಂದನೆಯ ಕೈ ಇನ್ನೂ ಕೆಳಗೆ ಬಂದಿಲ್ಲ ನೋಡು. ಆವತ್ತು ನೀನು ನನ್ನ ಜೊತೆ ಬಸ್ಸು ಹತ್ತಬೇಕಿತ್ತು. ಅಂಗಡಿ ಇದೆ ಅಂದೆ. ಈಗಲೂ ಅಂಗಡಿ ಇದೆ.

ನಾಳೆಯಿಂದ ತಂಡದ ಜೊತೆ ಓಹಾಯೊ ಕಡೆ ಹೋಗುತ್ತೇನೆ. ಒಂದು ಊರಲ್ಲಿ ಎರಡು ದಿನ ನಿಲ್ಲುವುದಿಲ್ಲ. ಬರೆಯುವುದಿದ್ದರೆ ಇಲ್ಲಿಗೇ ಬರಿ, ಮನೆಯೊಡತಿ ಯಾವಾಗಲೋ ಮುಂದಕ್ಕೆ ಕಳಿಸುತ್ತಾಳೆ. ಬರೆಯದಿದ್ದರೂ ನಡೆಯುತ್ತದೆ. ಹಾಡು ಹಾಕು.

ಎಜೆಲ್


ಸ್ಟೋನ್‌ವೆಲ್
ಶನಿವಾರ, ೧ ಮಾರ್ಚ್

ಎಜೆಲ್,

ದಾರಿ ಸಿಕ್ಕಿತು. ಕೇಳಿದರೆ ನೀನೂ ನಗುತ್ತೀಯ.

ಗುರುವಾರ ಅಮೋಸ್ ರಿಡಿಕ್ ತೀರಿಕೊಂಡ. ಗರಗಸದ ಕೆಲಸದ ಅಮೋಸ್, ನಿನಗೆ ನೆನಪಿರಬೇಕು. ಹೋದವರ ಹಾಡು ಆರಿಸುವ ಹಕ್ಕು ಮನೆಯವರದು. ಅದನ್ನು ಪಾಸ್ಟರೂ ಪ್ರಶ್ನಿಸುವ ಹಾಗಿಲ್ಲ. ಹೆಣದ ಮನೆಯವರ ಆಯ್ಕೆಗೆ ಎದುರಾಡಿದವನು ಊರಲ್ಲಿ ಮುಖ ತೋರಿಸಲಾರ. ಅವನ ಹೆಂಡತಿ ಲಾಟಿಯನ್ನು ಕೇಳಿದೆ.

“ಅವನಿಗೆ ಹಾಡಂದ್ರೆ ಅಷ್ಟಕ್ಕಷ್ಟೆ. ಯಾವುದಾದ್ರೂ ಹಾಕಪ್ಪ,” ಅಂದಳು. “ಜೋರಾಗಿರ್ಲಿ. ಗರಗಸದ ಸದ್ದಲ್ಲಿ ಕಿವಿ ಹೋಗಿತ್ತು ಪಾಪ.”

ಜೋರಾಗಿರುವುದು ನನ್ನ ಹತ್ತಿರ ಒಂದಿದೆ ಅಂದೆ. ನಾಳೆ ತಿಂಗಳ ಮೊದಲ ಭಾನುವಾರ, ಪ್ರಭುಭೋಜನಕ್ಕೆ ಅಂತ ಎಲ್ಲರೂ ಬೇಗ ಏಳುವ ದಿನ, ರೇಡಿಯೊ ಕೇಳದ ಮನೆಯೇ ಇರುವುದಿಲ್ಲ. ಇವತ್ತು ನೆಟ್ಟಿಯ ಕೈಯಲ್ಲಿ ಅವ್ವನಿಗೆ ಹೇಳಿ ಕಳಿಸಿದ್ದೇನೆ: “ನಾಳೆ ಕಡೇವರೆಗೂ ಕೇಳು, ನಿನಗೆ ಅಂತ ಒಂದು ಇದೆ.” ಹೆಚ್ಚು ಹೇಳಲಿಲ್ಲ. ಕೇಳಿದ ಕೂಡಲೇ ಅವಳ ಮುಖ ಹೇಗಾಗುತ್ತದೆ ಅಂತ ನೆಟ್ಟಿಯಿಂದ ತಿಳಿದುಕೊಂಡು ಬರೆಯುತ್ತೇನೆ.

ಲಿಯಾಂಡರ್


ಸ್ಟೋನ್‌ವೆಲ್
೪ ಮಾರ್ಚ್

ಎಜೆಲ್,

ಈ ಕಾಗದ ಸಿಕ್ಕಿದ ಕೂಡಲೇ ನನ್ನ ಅಂಗಡಿಗೆ ಫೋನು ಮಾಡು. ನಿನ್ನ ಮನೆಯೊಡತಿಗೆ ಎರಡು ಸಲ ಮಾಡಿದೆ. ನೀನು ಯಾವ ಊರಲ್ಲಿದ್ದೀಯ ಅಂತ ಅವಳಿಗೂ ಗೊತ್ತಿಲ್ಲ.

ನೆಟ್ಟಿ ಹೇಳಿದ್ದನ್ನು ಹೇಳುತ್ತೇನೆ. ಅವ್ವ ಭಾನುವಾರ ಬೆಳಿಗ್ಗೆ ಸಭೆಗೆ ಉಡುವ ಬಿಳಿ ಬಟ್ಟೆ ಹಾಕಿಸಿಕೊಂಡಳಂತೆ. ಕುರ್ಚಿಯಲ್ಲಿ ನೆಟ್ಟಗೆ ಕೂತಳಂತೆ. ಕಾಯಿಲೆಯವರ ಪಟ್ಟಿ ಆಯಿತು, ಹಾಡುಗಳಾದವು. ಕಡೆಯ ಐದು ನಿಮಿಷಕ್ಕೆ ನಿನ್ನ ಡ್ರಮ್ಮು ಶುರುವಾಯಿತು, ನಿನ್ನ ದನಿ ಬಂತು. ನೆಟ್ಟಿ ಖುಷಿಯಲ್ಲಿ ಕುಣಿದುಬಿಟ್ಟಳು: “ಅವ್ವಾ, ಎಜೆಲಣ್ಣ.” ಅವ್ವ ರೇಡಿಯೊದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು. ಆಮೇಲೆ ಗುಂಡಿ ತಿರುಗಿಸಿ ಆರಿಸಿದಳು. “ಕನ್ನಡಿಗೆ ಬಟ್ಟೆ ಹೊದಿಸು, ಮಗಳೇ,” ಅಂದಳು. “ನನ್ನ ಎಜೆಲ್ ಹೋದ.”

ಹಾಡು ಮುಗಿದ ತಕ್ಷಣ ನಾನು ಅಮೋಸ್ ರಿಡಿಕ್ ಹೆಸರು ಓದಿದೆ. ಅಷ್ಟರೊಳಗೆ ಆರಿಸಿದ್ದಳು. ಹೋದವರ ಹಾಡಿನ ಜಾಗದಲ್ಲಿ ಮಗನ ದನಿ, ಅದೂ ಪೆಟ್ಟಿಗೆ ಅಂಗಡಿಯವನು ಹಿಂದಿನ ದಿನವೇ ಕಡೇವರೆಗೂ ಕೇಳು ಅಂತ ಹೇಳಿ ಕಳಿಸಿದ ಮೇಲೆ. ಇದು ಹೀಗಾಗಬಹುದು ಅಂತ ಊರಿನ ಮಕ್ಕಳಿಗೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ.

ಓಡಿ ಹೋದೆ. ಎಜೆಲ್ ಬದುಕಿದಾನೆ ಅಂದೆ.

“ಕೂತ್ಕೋ ಮಗಾ, ಏದುಸಿರು ಬಿಡ್ತಿದೀಯ,” ಅಂದಳು. “ನಮ್ಮ ಬೀದಿ ಎಲ್ವಿರಾ ಮಗನ ವಿಷಯದಲ್ಲೂ ನೀನು ಹಿಂಗೇ ಹೇಳಿದ್ದಲ್ವಾ? ಹುಷಾರಿಲ್ಲ ಅಷ್ಟೇ, ಆಸ್ಪತ್ರೇಲಿದಾನೆ ಅಂತ. ಎರಡು ದಿನಕ್ಕೆ ರೈಲಲ್ಲಿ ಬಂದ, ಮಲಕ್ಕೊಂಡು.”

ನಿಜ. ಎದೆ ಗಟ್ಟಿಯಿಲ್ಲದವರಿಗೆ ಸಾವನ್ನು ಕಂತಿನಲ್ಲಿ ಹೇಳುವುದು ನಮ್ಮ ಕಸುಬಿನ ಪಾಠ.

“ಇದು ಹಂಗಲ್ಲ ಅವ್ವಾ, ಆಣೆ.”

“ಪೆಟ್ಟಿಗೆ ಅಂಗಡಿಯೋನು ಖುದ್ದು ಮನೆಗೆ ಬಂದು ನಿನ್ನ ಮಗ ಬದುಕಿದಾನೆ ಅಂದ್ರೆ ಯಾರಪ್ಪ ನಂಬ್ತಾರೆ?”

ಫೋನು ಮಾಡು.

ಲಿಯಾಂಡರ್


ಸ್ಟೋನ್‌ವೆಲ್
೧೧ ಮಾರ್ಚ್

ಎಜೆಲ್,

ಔಷಧಿ ನಿಲ್ಲಿಸಿದ್ದಾಳೆ. “ಯಾರಿಗೋಸ್ಕರ ಕುಡೀಲಿ?” ಅನ್ನುತ್ತಾಳೆ. ಕಾಲಿನ ಬಾವು ಮೊಣಕಾಲು ದಾಟಿದೆ.

ನಿನ್ನ ಕಾಗದಗಳನ್ನು ಅವಳಿಗೆ ಓದಿ ಹೇಳಿದೆ. “ಬರೆದೋರು ಹೋದ್ಮೇಲೂ ಕಾಗದ ಬರ್ತಾವೆ. ನನ್ನ ತಮ್ಮ ಯುದ್ಧಕ್ಕೆ ಹೋಗಿದ್ದಾಗ ತಂತಿ ಬಂದ್ಮೇಲೆ ಮೂರು ಬಂದ್ವು,” ಅಂದಳು. ತಾರೀಖು ತೋರಿಸಿದರೆ ಅವಳಿಗೆ ಓದು ಬಾರದು. ಲಾಟಿಯನ್ನು ಕರೆದುಕೊಂಡು ಹೋದೆ, ಹಾಡು ತನ್ನ ಗಂಡನಿಗೆ ಹಾಕಿಸಿದ್ದು ಅಂತ ಹೇಳಿಸಿದೆ. “ನೀನು ಒಳ್ಳೆಯವಳು ಲಾಟಿ, ನಿನ್ನ ದುಃಖಾನೇ ನಿನಗೆ ಹೊರೆ,” ಅಂತ ಅವಳ ಕೆನ್ನೆ ಸವರಿ ಕಳಿಸಿದಳು. ಪಾಸ್ಟರ್ ಹಬರ್ಡ್ ಬಂದು ದೇವರ ಸಾಕ್ಷಿಯಾಗಿ ಬದುಕಿದ್ದಾನೆ ಅಂದರು. ಅವರ ಮುಖವನ್ನೇ ನೋಡುತ್ತಾ, “ನೀವೂ ಇವರ ಜೊತೆ ಸೇರ್ಕೊಂಡ್ರಾ ಅಯ್ಯನವರೇ? ಸುಳ್ಳು ಹೇಳೋದು ಬಿಟ್ಟು ಒಂದು ಹೇಳಿ. ಅವನ ಹೆಣಾನ ಸಭೆ ಒಳಗಿಂದ ಎತ್ತುತ್ತೀರೋ, ಹೊರಗಿಂದಲೋ?” ಅಂತ ಕೇಳಿದಳು. ಅವರು ಟೋಪಿ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದರು.

ನನ್ನನ್ನು ಮಾತ್ರ ದಿನಾ ಕೇಳುವುದು ಇದೊಂದನ್ನೇ: “ಎಜೆಲ್‌ನ ಯಾವತ್ತು ಕರ್ಕೊಂಡ್ ಬರ್ತೀಯ?”

ನೀನೇ ಬಂದು ಎದುರಿಗೆ ನಿಲ್ಲಬೇಕು. ಬೇರೆ ದಾರಿ ಇಲ್ಲ. ಬಾ.

ಲಿಯಾಂಡರ್


ಡೇಟನ್, ಓಹಾಯೊ
೧೮ ಮಾರ್ಚ್

ಮೂರು ಕಾಗದವೂ ಇವತ್ತು ಒಟ್ಟಿಗೆ ಸಿಕ್ಕಿದವು. ನಿನ್ನ ಅಂಗಡಿಯ ಫೋನು ಯಾರೂ ಎತ್ತಲಿಲ್ಲ. ತಂಡ ಬಿಟ್ಟು ಹೊರಟಿದ್ದೇನೆ. ಗುರುವಾರ ಬೆಳಿಗ್ಗೆ ಬಸ್ಸಿಳಿಯುತ್ತೇನೆ. ಇದು ನನಗಿಂತ ಮುಂಚೆ ಬಂದರೆ ಅವಳಿಗೆ ಹೇಳು. ಬೇಡ, ಹೇಳಬೇಡ, ನೀನು ಏನೂ ಹೇಳಬೇಡ.

ಎಜೆಲ್


ಷಿಕಾಗೋ
೧೪ ಏಪ್ರಿಲ್

ಲಿಯಾಂಡರ್,

ಅವ್ವನನ್ನು ಹೂಳುವ ದಿನ ನಿನ್ನ ಜೊತೆ ಮಾತಾಡಲಿಲ್ಲ. ನೀನು ಕೆಲಸ ಅಚ್ಚುಕಟ್ಟಾಗಿ ಮಾಡಿದೆ. ಅವ್ವನ ಮುಖದಲ್ಲಿ ಬಾವು ಕಾಣದ ಹಾಗೆ ಮಾಡಿದ್ದೆ. ಅದಕ್ಕೆ ಉಪಕಾರ.

ಆ ಗುರುವಾರ ನೀನು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ನಡೆದದ್ದು ನಿನಗೂ ಗೊತ್ತಿರಲಿ.

“ಬಂದ್ಯಾ?” ಅಂದಳು, ಹಿತ್ತಲಿಗೆ ಹೋಗಿ ಬಂದವನನ್ನು ಕೇಳುವ ಹಾಗೆ.

“ಬಂದೆ ಅವ್ವಾ. ಬದುಕೇ ಇದೀನಿ. ಮುಟ್ಟಿ ನೋಡು.”

ಮುಟ್ಟಿದಳು. “ತಣ್ಣಗಿದೀಯ.”

“ಹೊರಗೆ ಮಳೆ ಅವ್ವಾ. ನೆನೆದಿದೀನಿ.”

“ಸತ್ತೋರೆಲ್ಲ ಮೊದಮೊದಲು ಬದುಕಿದೀನಿ ಅಂತಾನೇ ಹೇಳ್ತಾರೆ. ನಿಮ್ಮಪ್ಪ ಮೂರು ದಿನ ಅದೇ ಬಾಗಿಲಲ್ಲಿ ನಿಂತ್ಕೊಂಡು ಊಟ ಆಯ್ತಾ ಅಂತ ಕೇಳ್ದ.”

ಜೇಬಿನಿಂದ ಬಸ್ಸಿನ ಟಿಕೆಟ್ಟು ತೆಗೆದು ತೋರಿಸಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕಳು. “ಅಲ್ಲಿಂದ ಬರೋಕೂ ಟಿಕೆಟ್ಟಾ? ಅಲ್ಲೂ ಬಿಳಿಯರ ಹಿಂದಿನ ಸೀಟೇ ಕೊಟ್ರಾ?”

ಆಮೇಲೆ ಹಾಡು ಅಂದಳು. ಮಂಚದ ಕಟ್ಟಿನ ಮೇಲೆ ಬೆರಳಲ್ಲಿ ಡ್ರಮ್ಮಿನ ತಾಳ ಹಾಕಿಕೊಂಡು ಹಾಡಿದೆ. ಮೂರು ನಿಮಿಷದ ಹಾಡು, ಏದುಸಿರಿನ ನಡುವೆ ಅವಳೂ ಗುನುಗುತ್ತಿದ್ದಳು. ಮುಗಿದ ಮೇಲೆ ನನ್ನ ಕೈ ಹಿಡಿದು ಕೇಳಿದಳು.

“ಇದನ್ನ ಹಾಡಿದ್ಮೇಲೂ ನಿನ್ನ ಒಳಗೆ ಬಿಟ್ರಾ?”

ಯಾವ ಒಳಗೆ ಅಂತ ನಾನು ಕೇಳಲಿಲ್ಲ. 

“ಬಿಟ್ರು ಅವ್ವಾ.”

“ಡ್ರಮ್ಮು ಸಮೇತ?”

“ಡ್ರಮ್ಮು ಸಮೇತ.”

“ಹಂಗಾದ್ರೆ ಹಬರ್ಡ್‌ಗೆ ಏನೂ ಗೊತ್ತಿಲ್ಲ,” ಅಂದಳು. ಆರು ವರ್ಷ ಅವಳನ್ನು ಕೊರೆದದ್ದು ಇದೇ ಅಂತ ನನಗೆ ಆಗ ಗೊತ್ತಾಯಿತು. ಮುಖ ಸಡಿಲವಾಯಿತು. ಶನಿವಾರ ಬೆಳಿಗ್ಗೆ ಹೋಗುವ ತನಕ ಹಾಗೇ ಇತ್ತು.

ಆ ಎರಡು ದಿನ ನಾನು ಸತ್ತವನಾಗಿದ್ದೆ. ಬದುಕಿದೀನಿ ಅಂತ ಮತ್ತೆ ಹೇಳಲಿಲ್ಲ. ಹಟ ಹಿಡಿದು ಹೇಳಿದ್ದರೆ ನಂಬುತ್ತಿದ್ದಳೋ, ಔಷಧಿ ಕುಡಿಯುತ್ತಿದ್ದಳೋ. ಹಾಡುವಾಗ ಮಾತ್ರ ಇದು ನೆನಪಿಗೆ ಬರುವುದಿಲ್ಲ.

ಇನ್ನು ನಿನ್ನದು. ಹಾಡು ಮುಗಿದ ತಕ್ಷಣ ಅಮೋಸನ ಹೆಸರು ಓದಿದೆ ಅಂತ ನೀನು ಬರೆದಿದ್ದೆ. ನೆಟ್ಟಿ ಹೇಳುವುದು ಬೇರೆ. ಅವ್ವ ಕೂಡಲೇ ಆರಿಸಲಿಲ್ಲವಂತೆ. ಹೆಸರಿಗಾಗಿ ಕಾದಳಂತೆ. ರೇಡಿಯೊದಲ್ಲಿ ಏನೂ ಬರಲಿಲ್ಲವಂತೆ. “ಪಾಪ, ಹೇಳೋಕಾಗ್ತಿಲ್ಲ ಅವನಿಗೆ,” ಅಂದು ಆಮೇಲೆ ಆರಿಸಿದಳಂತೆ.

ಎಷ್ಟು ಹೊತ್ತು ಸುಮ್ಮನಿದ್ದೆ, ಲಿಯಾಂಡರ್? ಲೆಕ್ಕದ ಮನುಷ್ಯ ನೀನು. ಬರಿ.

ಎಜೆಲ್


ಸ್ಟೋನ್‌ವೆಲ್
೨೭ ಏಪ್ರಿಲ್

ಎಜೆಲ್,

ಹದಿನಾಲ್ಕು ಸೆಕೆಂಡು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ಗಾಜಿನ ಆಚೆಯಿಂದ ರೇಡಿಯೊ ಕೇಂದ್ರದ ಹುಡುಗಿ ಓದು ಅಂತ ಎರಡು ಸಲ ಕೈ ಬೀಸಿದಳು.

ಇನ್ನೂರಕ್ಕೂ ಹೆಚ್ಚು ಹೆಸರು ಓದಿದ್ದೇನೆ, ಒಂದು ಸಲವೂ ತಡೆದಿರಲಿಲ್ಲ. ಆವತ್ತು ಕೈಯಲ್ಲಿದ್ದ ಚೀಟಿಯಲ್ಲಿ ಅಮೋಸ್ ರಿಡಿಕ್ ಅಂತ ನನ್ನದೇ ಅಕ್ಷರದಲ್ಲಿ ಬರೆದಿತ್ತು. ನಾಲಿಗೆಯ ತುದಿಯಲ್ಲಿ ಇದ್ದದ್ದು ನಿನ್ನ ಹೆಸರು.

ನೀನು ಕೂಗಿದಾಗ, ನಾನಿರಬೇಕಾದ ಜಾಗದಲ್ಲಿ ಆ ಗಿಟಾರು ಬಂದಾಗ, ಇವನು ಸತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿತು. ದ್ವೇಷದಿಂದಲ್ಲ ಅಂತ ಈಗ ಬರೆದು ಹೊಡೆದುಹಾಕಿದೆ. ದ್ವೇಷವೂ ಇತ್ತು. ಸತ್ತವನ ದನಿಯ ಪಕ್ಕದಲ್ಲಿ ಯಾರೂ ನನ್ನ ದನಿಯನ್ನಿಟ್ಟು ತೂಗುವುದಿಲ್ಲ. ಬಸ್ಸು ಹತ್ತದೆ ಉಳಿದವನೇ ಸರಿ ಅಂತಾಗುತ್ತಿತ್ತು. ನೀನು ರೈಲಿನಲ್ಲಿ ನನ್ನ ಮೇಜಿಗೇ ಬರುತ್ತಿದ್ದೆ, ನಿನ್ನ ಕಾಲರನ್ನು ನಾನೇ ಸರಿಪಡಿಸುತ್ತಿದ್ದೆ, ಸಭೆ ಮರುಮಾತಿಲ್ಲದೆ ನಿನ್ನನ್ನು ಒಳಗೆ ಬಿಡುತ್ತಿತ್ತು, ನಿನ್ನ ತಲೆಯ ಹತ್ತಿರ ನಿಂತು ನಾನು ಹಾಡುತ್ತಿದ್ದೆ. ಆ ಹದಿನಾಲ್ಕು ಸೆಕೆಂಡಿನಲ್ಲಿ ಎಲ್ಲವನ್ನೂ ಮಾಡಿ ಮುಗಿಸಿದೆ. ಪೆಟ್ಟಿಗೆಯ ಮರವನ್ನೂ ಆರಿಸಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು ಅಮೋಸನ ಹೆಸರು ಓದಿದೆ.

ನಿನ್ನ ತಾಯಿ ತಪ್ಪು ತಿಳಿದುಕೊಂಡಳು ಅಂತ ಊರೆಲ್ಲ ಹೇಳುತ್ತದೆ. ಅವಳು ಸರಿಯಾಗಿಯೇ ಕೇಳಿಸಿಕೊಂಡಳು.

ಅವಳ ಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ, ಹಿಂದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ, ಇದನ್ನೆಲ್ಲ ಹೀಗೇ ಬಿಡಿಸಿ ಹೇಳಿದೆ. ಅದು ಸುಲಭವಾಗಿತ್ತು. ಕಿವಿ ಇರುವವರಿಗೆ ಹೇಳುತ್ತಿರುವುದು ಇದೇ ಮೊದಲು.

ಲಿಯಾಂಡರ್